ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ: ಬೆಳಗೊಳದಲ್ಲಿ ಒಂದು ದಿನದ ಸುತ್ತು ನಡಿಗೆ

ಶ್ರವಣಬೆಳಗೊಳಕ್ಕೆ ಬರುವವರಲ್ಲಿ ಹೆಚ್ಚಿನವರದು ಒಂದೇ ಕ್ರಮ. ಬಸ್ಸೋ ಕಾರೋ ಇಳಿದವರೇ ನೇರ ದೊಡ್ಡಬೆಟ್ಟದ ಮೆಟ್ಟಿಲ ಬುಡಕ್ಕೆ ಬರುತ್ತಾರೆ. ಏದುಸಿರು ಬಿಡುತ್ತ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಫೋಟೊ ತೆಗೆಸಿಕೊಂಡು, ಇಳಿದು, ಎಳನೀರು ಕುಡಿದು ಬೇಲೂರಿನ ದಾರಿ ಹಿಡಿಯುತ್ತಾರೆ. ಎದುರಿಗೇ ಇರುವ ಚಿಕ್ಕಬೆಟ್ಟದ ಕಡೆ ಕತ್ತು ಹೊರಳಿಸುವವರು ಕಡಿಮೆ. ಅದರ ಬೆನ್ನಿಗಿರುವ ಜಿನನಾಥಪುರವೆಂಬ ಹಳ್ಳಿಯ ಹೆಸರನ್ನು ಕೇಳಿದವರು ಇನ್ನೂ ಕಡಿಮೆ.

ನಾನು ಚನ್ನರಾಯಪಟ್ಟಣದ ಕಡೆಯವನು. ಚಿಕ್ಕಂದಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮೊದಲೆಲ್ಲ ನಾನೂ ಹಾಗೆಯೇ ಹತ್ತಿಸಿ ಇಳಿಸಿ ಕಳಿಸುತ್ತಿದ್ದೆ. ಹಲವು ವರ್ಷ ಹಾಗೆ ಮಾಡಿದ ಮೇಲೆ ಒಂದು ಚಳಿಗಾಲದಲ್ಲಿ ಕ್ರಮ ಬದಲಿಸಿ ನೋಡಿದೆ. ಬೆಳಗಿನ ಎಳೆಬಿಸಿಲಿಗೆ ಚಿಕ್ಕಬೆಟ್ಟ, ಅಲ್ಲಿಂದ ಇಳಿದು ಜಿನನಾಥಪುರ, ಮಧ್ಯಾಹ್ನ ಊರೊಳಗಿನ ಬಸದಿಗಳು, ಬಿಸಿಲು ಇಳಿದ ಮೇಲೆ ಕೊನೆಯದಾಗಿ ದೊಡ್ಡಬೆಟ್ಟ. ಆವತ್ತಿನಿಂದ ಬೇರೆ ಕ್ರಮದಲ್ಲಿ ಯಾರನ್ನೂ ಕರೆದೊಯ್ದಿಲ್ಲ. ಈ ಊರು ಬೆಳೆದದ್ದೇ ಹಾಗೆ. ಮೊದಲು ಚಿಕ್ಕಬೆಟ್ಟ, ಅದಾಗಿ ನೂರಾರು ವರ್ಷಗಳ ಮೇಲೆ ಗೊಮ್ಮಟ. ನಾವೂ ಹಾಗೆಯೇ ನಡೆದು ಬಂದರೆ ಗೊಮ್ಮಟನ ಮುಂದೆ ನಿಂತಾಗ ಕಾಣುವುದೇ ಬೇರೆ.

ಸುತ್ತಿನ ಆಕಾರ ಹೀಗಿದೆ. ಊರ ನಡುವೆ ಕಲ್ಯಾಣಿ. ಉತ್ತರಕ್ಕೆ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ. ದಕ್ಷಿಣಕ್ಕೆ ದೊಡ್ಡಬೆಟ್ಟ, ಅಂದರೆ ವಿಂಧ್ಯಗಿರಿ. ಕೆಲವರು ಇಂದ್ರಗಿರಿ ಎಂದೂ ಕರೆಯುತ್ತಾರೆ. ಚಿಕ್ಕಬೆಟ್ಟದ ಆಚೆ, ಉತ್ತರಕ್ಕೆ, ಜಿನನಾಥಪುರ. ಕಲ್ಯಾಣಿಯಿಂದ ಹೊರಟು ಉತ್ತರದ ಸುತ್ತು ಮುಗಿಸಿ ಕಲ್ಯಾಣಿಗೆ ಮರಳುವುದು, ಮತ್ತೆ ಅಲ್ಲಿಂದ ದಕ್ಷಿಣದ ಬೆಟ್ಟ ಹತ್ತಿಳಿದು ಕಲ್ಯಾಣಿಗೇ ಬಂದು ಸೇರುವುದು. ಒಟ್ಟು ನಡಿಗೆ ಆರೇಳು ಕಿಲೋಮೀಟರಿನ ಒಳಗೇ ಮುಗಿಯುತ್ತದೆ. ಆದರೆ ಕಿಲೋಮೀಟರು ಲೆಕ್ಕ ಹಾಕಿ ಹೊರಡಬೇಡಿ. ನಿಂತು ನೋಡುವುದಕ್ಕೇ ಇಡೀ ದಿನ ಬೇಕು.

ಯಾವಾಗ ಹೋಗಬೇಕು

ಕಾರ್ತಿಕದಿಂದ ಮಾಘದವರೆಗೆ, ಅಂದರೆ ನವೆಂಬರಿನಿಂದ ಫೆಬ್ರವರಿ ಮೊದಲ ಭಾಗದವರೆಗೆ ಈ ನಡಿಗೆಗೆ ಹೇಳಿ ಮಾಡಿಸಿದ ಕಾಲ. ಹಾಸನ ಜಿಲ್ಲೆ ಎಂದ ಕೂಡಲೇ ಸಕಲೇಶಪುರದ ಮಳೆ, ಇಂಬಳ, ಕಾಫಿ ತೋಟ ನೆನೆಸಿಕೊಂಡು ಬರುವವರಿದ್ದಾರೆ. ಬೆಳಗೊಳ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಇದು ಬಯಲುಸೀಮೆ. ರಾಗಿ, ಹುರುಳಿ, ಅವರೆ, ತೆಂಗು. ಬೋಳು ಬಂಡೆಯ ಬೆಟ್ಟಗಳು, ನಡುನಡುವೆ ಕೆರೆ. ಇಂಬಳದ ಕಾಟವಿಲ್ಲ. ಕಾಟವೆಲ್ಲ ಬಿಸಿಲಿನದು.

ಈ ಬಿಸಿಲಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡೂ ಬೆಟ್ಟಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಒಮ್ಮೆ ಏಪ್ರಿಲ್‌ನಲ್ಲಿ ನೆಂಟರ ಹುಡುಗರನ್ನು ಕರೆದುಕೊಂಡು ಹನ್ನೊಂದು ಗಂಟೆಗೆ ದೊಡ್ಡಬೆಟ್ಟ ಹತ್ತಿದೆವು. ಇಳಿಯುವ ಹೊತ್ತಿಗೆ ಬಂಡೆ ಕಾದ ಹೆಂಚಾಗಿತ್ತು. ಸಣ್ಣವನ ಅಂಗಾಲಿನಲ್ಲಿ ಬೊಬ್ಬೆ ಎದ್ದು, ಅರ್ಧ ಮೆಟ್ಟಿಲು ಅವನನ್ನು ಹೆಗಲ ಮೇಲೆ ಹೊತ್ತು ಇಳಿಸಿದೆ. ಆ ತಪ್ಪು ನನ್ನದೇ. ಬೇಸಿಗೆಯಲ್ಲಿ ಬರಲೇಬೇಕಾದರೆ ಕ್ರಮವನ್ನು ತಿರುಗಿಸಿ. ಬಾಗಿಲು ತೆರೆಯುವ ಹೊತ್ತಿಗೇ ದೊಡ್ಡಬೆಟ್ಟ ಹತ್ತಿ ಒಂಬತ್ತರೊಳಗೆ ಇಳಿದುಬಿಡಿ. ನಡುಹಗಲನ್ನು ಊರೊಳಗೆ ಕಳೆದು, ಸಂಜೆಯ ಓರೆಬಿಸಿಲಿಗೆ ಚಿಕ್ಕಬೆಟ್ಟ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟಿದರೆ ಯಾವ ಬೆಟ್ಟದ ಮೇಲೂ ಇರಬೇಡಿ. ಸುತ್ತಲಿನ ಬಯಲಿಗೆಲ್ಲ ಎತ್ತರದ ಜಾಗ ಅವೆರಡೇ, ಸಿಡಿಲಿಗೆ ನೇರ ಗುರಿ. ಮಳೆಗಾಲದಲ್ಲಿ ನಡೆಯಬಹುದು, ಹಸಿರೂ ಚೆನ್ನಾಗಿರುತ್ತದೆ, ಆದರೆ ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲಿಡುವಾಗ ನಿಧಾನ.

ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಈಚಿನವು 1981, 1993, 2006 ಮತ್ತು 2018ರಲ್ಲಿ ನಡೆದವು. ಆ ಸಂಭ್ರಮ ನೋಡಬೇಕಾದದ್ದೇ, ಆದರೆ ಈ ನಡಿಗೆಗೆ ಆಗಿಬರುವ ಕಾಲವಲ್ಲ. ಉಳಿದಂತೆ ಭಾನುವಾರ ಮತ್ತು ಸರಣಿ ರಜೆ ಬಿಟ್ಟು ವಾರದ ನಡುವೆ ಬಂದರೆ ಚಿಕ್ಕಬೆಟ್ಟದ ಮೇಲೆ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುತ್ತದೆ.

ತಲುಪುವುದು, ತರುವುದು

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣ. ಅಲ್ಲಿಂದ ಬೆಳಗೊಳ ಸುಮಾರು 12 ಕಿ.ಮೀ., ಬಸ್ಸುಗಳು ಸಿಗುತ್ತವೆ. ಹಾಸನದಿಂದ 50 ಕಿ.ಮೀ. ಆಸುಪಾಸು. 2017ರಲ್ಲಿ ಹಾಸನ–ಬೆಂಗಳೂರು ರೈಲು ದಾರಿ ಪೂರ್ತಿಯಾದ ಮೇಲೆ ಶ್ರವಣಬೆಳಗೊಳ ನಿಲ್ದಾಣಕ್ಕೂ ರೈಲು ಬರುತ್ತಿದೆ. ನಿಲ್ದಾಣದಿಂದ ಊರಿಗೆ ಆಟೊ ಹಿಡಿಯಬೇಕು. ಚಿಕ್ಕಬೆಟ್ಟಕ್ಕೆ ಬೆಳಗ್ಗೆಯೇ ಹತ್ತಬೇಕಾದ್ದರಿಂದ ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಯಾತ್ರಿಕರಿಗಾಗಿ ಅತಿಥಿಗೃಹಗಳು ಊರಿನಲ್ಲಿವೆ. ಚನ್ನರಾಯಪಟ್ಟಣದಲ್ಲಿ ಉಳಿದು ಮೊದಲ ಬಸ್ಸಿಗೆ ಬಂದರೂ ಆದೀತು.

ಚೀಲದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಆಳಿಗೆ ಒಂದೂವರೆ ಲೀಟರ್ ನೀರು, ತಲೆಗೊಂದು ಟವೆಲ್ಲು ಅಥವಾ ಟೋಪಿ, ಒಂದಿಷ್ಟು ಕಡಲೆಬೀಜ ಬೆಲ್ಲ. ಜೊತೆಗೆ ದಪ್ಪನೆಯ ಹತ್ತಿಯ ಕಾಲುಚೀಲ ಎರಡು ಜೊತೆ. ಬಂಡೆ ಕಾಯುವ ಹೊತ್ತಿಗೆ ಇವು ಕಾಲು ಉಳಿಸುತ್ತವೆ. ನೈಲಾನಿನವು ಮಾತ್ರ ಬೇಡ, ನುಣುಪು ಮೆಟ್ಟಿಲಿನ ಮೇಲೆ ಜಾರುತ್ತವೆ. ಸುಲಭವಾಗಿ ಬಿಚ್ಚಿ ಹಾಕುವಂಥ ಚಪ್ಪಲಿ ಇರಲಿ, ಯಾಕೆಂದರೆ ಈ ದಿನ ಅದನ್ನು ಕಡಿಮೆಯೆಂದರೂ ಐದು ಸಲ ಬಿಡಬೇಕು. ಚಪ್ಪಲಿ ಕಾಯುವವರಿಗೆ ಚಿಲ್ಲರೆ ಇಟ್ಟುಕೊಳ್ಳಿ. ಇನ್ನೊಂದು ಸಣ್ಣ ಟಾರ್ಚು. ಇದು ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಕಲ್ಯಾಣಿ

ಬೆಳಕು ಹರಿಯುವ ಹೊತ್ತಿಗೆ ಕಲ್ಯಾಣಿಯ ಬಳಿ ನಿಂತುಕೊಳ್ಳಿ. ಊರಿಗೆ ಹೆಸರು ಬಂದದ್ದೇ ಕೊಳದಿಂದ ಎನ್ನುತ್ತಾರೆ. ಬೆಳ್ ಎಂದರೆ ಬಿಳಿ, ಬೆಳ್ಗೊಳ ಎಂದರೆ ಬಿಳಿಯ ಕೊಳ. ಈಗ ಕಾಣುವ ಕಲ್ಲಿನ ಮೆಟ್ಟಿಲು, ಸುತ್ತುಗೋಡೆ, ಗೋಪುರಗಳ ಕೆಲಸ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ಸಂಜೆ ಹೇಗೂ ಇಲ್ಲಿಗೇ ಬರುತ್ತೀರಿ. ದಕ್ಷಿಣಕ್ಕೆ ಒಮ್ಮೆ ತಿರುಗಿ ದೊಡ್ಡಬೆಟ್ಟದ ನೆತ್ತಿ ನೋಡಿಕೊಂಡು, ಅದಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಹೊರಡಿ.

ಎರಡನೆಯದು: ಚಿಕ್ಕಬೆಟ್ಟ

ಮೆಟ್ಟಿಲು ಇನ್ನೂರರ ಸುಮಾರು. ಬಯಲಿನಿಂದ ಎತ್ತರ ಹೆಚ್ಚೆಂದರೆ 175 ಅಡಿ. ನಿಧಾನವಾಗಿ ಹತ್ತಿದರೂ ಕಾಲು ಗಂಟೆ. ವಯಸ್ಸಾದವರಿಗೆ, ಮಂಡಿನೋವಿರುವವರಿಗೆ ಇದೊಂದು ಬೆಟ್ಟ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನನ್ನ ತಾಯಿ ಕೊನೆಯ ಸಲ ಬಂದಾಗ ದೊಡ್ಡಬೆಟ್ಟ ಹತ್ತಲಾಗದೆ ಇದನ್ನಷ್ಟೇ ಹತ್ತಿ, ಜಿನನಾಥಪುರ ನೋಡಿ ಬಂದರು. ಏನೂ ಕಳೆದುಕೊಂಡ ಹಾಗೆ ಅವರಿಗೆ ಅನ್ನಿಸಲಿಲ್ಲ.

ಮೇಲೆ ಹೋದ ಮೇಲೆ ಬಸದಿಗಳತ್ತ ಓಡಬೇಡಿ. ಮೊದಲು ಕಾಲಡಿಯ ಬಂಡೆ ನೋಡಿ. ಬೆಳಗೊಳ ಮತ್ತು ಸುತ್ತಲಿನ ಹಳ್ಳಿಗಳ ಶಾಸನಗಳನ್ನು 1973ರ ಪರಿಷ್ಕೃತ ಸಂಪುಟದಲ್ಲಿ ಎಣಿಸಿದಾಗ ಸಿಕ್ಕಿದ್ದು 573. ಅವುಗಳಲ್ಲಿ 271 ಈ ಪುಟ್ಟ ಬೆಟ್ಟದ ಮೇಲೇ ಇವೆ. ದೊಡ್ಡಬೆಟ್ಟದ ಮೇಲಿರುವವು 172. ಸಂಖ್ಯೆಯೇ ಹೇಳುತ್ತದೆ, ಹಳೆಯ ಕಾಲದ ಜನ ಯಾವ ಬೆಟ್ಟಕ್ಕೆ ಹೆಚ್ಚು ಬಂದರೆಂದು. ಶಾಸನಗಳಲ್ಲಿ ಈ ಬೆಟ್ಟದ ಹೆಸರು ಕಟವಪ್ರ, ಕನ್ನಡದಲ್ಲಿ ಕಳ್ಬಪ್ಪು. ಊಟ ನೀರು ಬಿಟ್ಟು ಸಲ್ಲೇಖನ ವ್ರತದಿಂದ ದೇಹ ತೊರೆಯಲು ಮುನಿಗಳೂ ಅಜ್ಜಿಯರೂ ಹುಡುಕಿಕೊಂಡು ಬಂದ ಬೆಟ್ಟ ಇದು. ಕಾಲಡಿಯ ಸಾಲುಗಳಲ್ಲಿ ಬಹುಪಾಲು ಅಂಥವರ ಹೆಸರುಗಳೇ.

ಶಾಸನದ ಅಕ್ಷರ ಕಾಣುವುದಕ್ಕೆ ಒಂದು ಉಪಾಯವಿದೆ. ಬೇಗ ಹತ್ತಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ. ಹನ್ನೆರಡು ಗಂಟೆಯ ನೇರ ಬಿಸಿಲಿನಲ್ಲಿ ಸವೆದ ಅಕ್ಷರ ಬಂಡೆಯೊಳಗೆ ಕರಗಿಹೋಗುತ್ತದೆ, ಪಕ್ಕದಲ್ಲೇ ನಿಂತರೂ ಬರೀ ಕಲ್ಲು. ಬೆಳಗ್ಗೆ ಏಳರಿಂದ ಎಂಟೂವರೆಯೊಳಗೆ ಬಿಸಿಲು ಓರೆಯಾಗಿ ಬೀಳುವಾಗ ಪ್ರತಿ ಗೀರಿನ ಒಂದು ಅಂಚು ನೆರಳಾಗಿ ಅಕ್ಷರ ಎದ್ದು ನಿಲ್ಲುತ್ತದೆ. ಸೂರ್ಯನಿಗೆ ಎದುರಾಗಿ ಕುಳಿತು ನೋಡಿ, ಸೂರ್ಯ ಬೆನ್ನಿಗಿದ್ದರೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಮೋಡವಿದ್ದರೆ ಅಥವಾ ನೆರಳಿದ್ದರೆ ಟಾರ್ಚನ್ನು ಬಂಡೆಗೆ ತಾಗುವಷ್ಟು ಕೆಳಗೆ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಸೀಮೆಸುಣ್ಣ ಉಜ್ಜುವುದು, ನೀರು ಸುರಿಯುವುದು, ಬೆರಳಲ್ಲಿ ಕೆರೆಯುವುದು, ಯಾವುದೂ ಕೂಡದು. ಹಲವು ಶಾಸನಗಳಿಗೆ ಕಟಕಟೆ ಹಾಕಿದ್ದಾರೆ. ಹಾಕದ ಕಡೆಯೂ ಅಕ್ಷರದ ಮೇಲೆ ಕಾಲಿಡದೆ ಬಳಸಿ ಹೋಗಿ. ಅದು ಯಾರದೋ ಸಾವಿನ ಸುದ್ದಿ.

ಮೊದಲು ಹುಡುಕಬೇಕಾದದ್ದು ಪಾರ್ಶ್ವನಾಥ ಬಸದಿಯ ಹತ್ತಿರದ ಬಂಡೆಯ ಮೇಲಿನ ಶಾಸನ. ಕ್ರಿ.ಶ. 600ರ ಸುಮಾರಿನದು, ಇಲ್ಲಿರುವುದರಲ್ಲೆಲ್ಲ ಹಳೆಯದು. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳೆಯ ಕನ್ನಡದ್ದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ಹನ್ನೆರಡು ವರ್ಷದ ಕ್ಷಾಮ ಬರುವುದನ್ನು ಮುಂಗಂಡು ಹೇಳಿದ್ದು, ಸಂಘವೆಲ್ಲ ತೆಂಕಣಕ್ಕೆ ಹೊರಟದ್ದು, ಪ್ರಭಾಚಂದ್ರರೆಂಬ ಆಚಾರ್ಯರು ಈ ಕಟವಪ್ರದ ಮೇಲೆ ಉಳಿದು ದೇಹ ಬಿಟ್ಟದ್ದು, ಅವರ ನಂತರ ಏಳುನೂರು ಋಷಿಗಳು ಅದೇ ದಾರಿ ಹಿಡಿದದ್ದು ಅದರಲ್ಲಿದೆ. ಚಂದ್ರಗುಪ್ತ ಮೌರ್ಯನೇ ಭದ್ರಬಾಹುವಿನ ಶಿಷ್ಯನಾಗಿ ಬಂದನೆಂಬ ನಂಬಿಕೆಯಿಂದ ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು.

ಅದಾದ ಮೇಲೆ ಸುಮಾರು 700ನೇ ಇಸವಿಯ ನಂದಿಸೇನ ಮುನಿಯ ಶಾಸನ. ಇದು ಕನ್ನಡ ಪದ್ಯ. 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್' ಎಂದು ಶುರುವಾಗುತ್ತದೆ. ಕಾಮನಬಿಲ್ಲಿನ ಹಾಗೆ, ಮಿಂಚಿನ ಬಳ್ಳಿಯ ಹಾಗೆ, ಮಂಜಿನ ಹಾಗೆ ತೋರಿ ಮರೆಯಾಗುವ ಸಿರಿ, ರೂಪ, ವೈಭವ ಯಾರಿಗೂ ನಿಲ್ಲುವುದಿಲ್ಲ ಎಂದು ಆ ಮುನಿ ಸನ್ಯಸನ, ಅಂದರೆ ಅದೇ ಸಲ್ಲೇಖನ ವ್ರತ, ಕೈಕೊಂಡದ್ದನ್ನು ಹೇಳುತ್ತದೆ. ಡಿಸೆಂಬರಿನ ಬೆಳಗ್ಗೆ ಸುತ್ತಲಿನ ಬಯಲೆಲ್ಲ ಮಂಜಿನಲ್ಲಿ ಮುಳುಗಿರುವಾಗ, ಬಿಸಿಲೇರಿದಂತೆ ಆ ಮಂಜು ಕಣ್ಣೆದುರೇ ಕರಗುವಾಗ ಈ ಸಾಲನ್ನು ಬಾಯಿಬಿಟ್ಟು ಓದಿ. ಸಾವಿರದ ಮುನ್ನೂರು ವರ್ಷದ ಹಿಂದಿನ ಕವಿ ಯಾವ ಮಂಜನ್ನು ನೋಡಿ ಬರೆದನೋ, ನಾನಂತೂ ಅದು ಇದೇ ಮಂಜು ಎಂದುಕೊಂಡಿದ್ದೇನೆ.

ಈಗ ಕಟ್ಟಡಗಳ ಕಡೆ ಬನ್ನಿ. ಪ್ರಾಕಾರದ ದಕ್ಷಿಣ ಬಾಗಿಲಲ್ಲಿ ಎತ್ತರದ ಕೂಗೆ ಬ್ರಹ್ಮದೇವರ ಕಂಬ. 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನದಿಂದ ತೀರಿಕೊಂಡ ಗಂಗರ ದೊರೆ ಇಮ್ಮಡಿ ಮಾರಸಿಂಹನ ನೆನಪಿನ ಕಂಬ ಅದು. ಒಳಗೆ ಬಸದಿಗಳು ಹನ್ನೆರಡಕ್ಕೂ ಹೆಚ್ಚು. ಎಲ್ಲವನ್ನೂ ಒಂದೇ ಸಮನೆ ನೋಡಲು ಹೋದರೆ ಯಾವುದೂ ನೆನಪಿರುವುದಿಲ್ಲ. ನಾನು ನಾಲ್ಕು ಕಡೆ ನಿಲ್ಲಿಸುತ್ತೇನೆ.

ಚಾವುಂಡರಾಯ ಬಸದಿ ಇವುಗಳಲ್ಲೆಲ್ಲ ಚೆಲುವಾದದ್ದು. ಮೇಲಂತಸ್ತು, ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ಮಗ ಜಿನದೇವಣನದು. ಚಂದ್ರಗುಪ್ತ ಬಸದಿ ತೀರ ಚಿಕ್ಕದು. ಅದರ ಎರಡು ಕಲ್ಲಿನ ಜಾಲಂಧ್ರಗಳಲ್ಲಿ ಭದ್ರಬಾಹು, ಚಂದ್ರಗುಪ್ತರ ಕಥೆಯನ್ನು ತೊಂಬತ್ತು ಪುಟ್ಟ ಚೌಕಗಳಲ್ಲಿ ಕೆತ್ತಿದ್ದಾರೆ. ಒಂದೊಂದು ಚೌಕವೂ ಅಂಗೈಯಷ್ಟು. ಕೆತ್ತಿದ ದಾಸೋಜ ತನ್ನ ಹೆಸರನ್ನೂ ಅಲ್ಲೇ ಬರೆದಿದ್ದಾನೆ. ಅಲ್ಲಿಂದ ಕತ್ತಲೆ ಬಸದಿಗೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ್ದು. ಹೆಸರಿಗೆ ತಕ್ಕ ಕತ್ತಲು, ಟಾರ್ಚು ಇಲ್ಲೂ ಬೇಕು. ಕಣ್ಣು ಹೊಂದಿಕೊಳ್ಳುವವರೆಗೆ ಬಾಗಿಲಲ್ಲೇ ನಿಂತಿದ್ದು ಒಳಗೆ ಹೋಗಿ.

ನಾಲ್ಕನೆಯದು ಸವತಿಗಂಧವಾರಣ ಬಸದಿ. 1123ರಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ್ದು. ಸವತಿಯರ ಪಾಲಿಗೆ ಮದ್ದಾನೆ ಎಂಬುದು ಅವಳ ಬಿರುದು. ಬೇಲೂರಿನಲ್ಲಿ ಶಾಂತಲೆಯ ಹೆಸರು ಕೇಳಿ ಬಂದವರು ಇಲ್ಲಿ ಅವಳ ಕಥೆಯ ಇನ್ನೊಂದು ತುದಿಯನ್ನು ಕೇಳಬೇಕು. 1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡಳು. ಆ ಸುದ್ದಿ ತಾಳಲಾರದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದು ಇಲ್ಲಿನ ಶಾಸನ ಹೇಳುತ್ತದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ. ಆ ಮನೆಯ ದುಃಖವೆಲ್ಲ ಈ ಕಲ್ಲಿನಲ್ಲಿದೆ.

ಪ್ರಾಕಾರದ ಹೊರಗೆ ಭದ್ರಬಾಹು ಗುಹೆಯಿದೆ. ಒಳಗೆ ಪಾದದ ಗುರುತಿಗೆ ಪೂಜೆ ನಡೆಯುತ್ತದೆ. ತಲೆ ಬಗ್ಗಿಸಿ ಒಳಹೋಗಿ, ಮಾತು ಹೊರಗೇ ಬಿಡಿ. ಬಂಡೆಯಲ್ಲಿ ನೀರು ನಿಲ್ಲುವ ಲಕ್ಕಿದೊಣೆ, ಕಂಚಿನ ದೊಣೆಗಳನ್ನೂ ನೋಡಬಹುದು. ದೊಣೆಯ ಅಂಚು ಇಳಿಜಾರು, ಮಕ್ಕಳ ಕೈ ಬಿಡಬೇಡಿ.

ಇಳಿಯುವ ಮುನ್ನ ದಕ್ಷಿಣಕ್ಕೆ ತಿರುಗಿ ಕೂರಿ. ಎದುರು ದೊಡ್ಡಬೆಟ್ಟ, ಅದರ ನೆತ್ತಿಯ ಗೋಡೆಯ ಮೇಲೆ ಗೊಮ್ಮಟನ ತಲೆ, ಹೆಗಲು. ಚಾವುಂಡರಾಯ ಈ ಬೆಟ್ಟದಲ್ಲಿ ನಿಂತು ಆ ಬೆಟ್ಟಕ್ಕೆ ಬಾಣ ಬಿಟ್ಟಾಗ ಗೊಮ್ಮಟನ ರೂಪ ಕಾಣಿಸಿತು ಎಂಬ ಐತಿಹ್ಯವಿದೆ. ಇಲ್ಲಿ ಕೂತವರಿಗೆ ಆ ಕಥೆ ಯಾಕೆ ಹುಟ್ಟಿತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು: ಜಿನನಾಥಪುರ

ಹತ್ತಿದ ಮೆಟ್ಟಿಲಲ್ಲೇ ಇಳಿಯಿರಿ, ಚಪ್ಪಲಿ ಅಲ್ಲೇ ಇರುತ್ತದೆ. ಬಂಡೆಯ ಮೇಲಿಂದಲೇ ಆಚೆ ಬದಿಗೆ ಇಳಿದುಬಿಡೋಣ ಎಂಬ ಆಸೆ ಬರುತ್ತದೆ, ಬೇಡ. ಬರಿಗಾಲು, ಮುಳ್ಳು, ಜಾರು. ಕೆಳಗಿಳಿದು ಊರವರನ್ನು 'ಜಿನನಾಥಪುರದ ದಾರಿ ಯಾವುದಣ್ಣ' ಎಂದು ಕೇಳಿದರೆ ಕೈ ತೋರಿಸುತ್ತಾರೆ. ಬೆಟ್ಟದ ಬುಡ ಬಳಸಿಕೊಂಡು ಹೋಗುವ ಊರ ರಸ್ತೆ, ಒಂದೂವರೆ ಕಿಲೋಮೀಟರಿನ ಒಳಗೆ. ಅರ್ಧ ಗಂಟೆಯ ನಡಿಗೆ.

ಇಡೀ ಸುತ್ತಿನಲ್ಲಿ ಹಳ್ಳಿಗಾಡು ಅನ್ನುವಂಥದ್ದು ಈ ತುಂಡು. ತೆಂಗಿನ ತೋಟ, ರಾಗಿ ಹೊಲ, ಕಣ, ಮೆದೆ. ಕೊಯ್ಲಿನ ಕಾಲದಲ್ಲಿ ಹುರುಳಿಯನ್ನೋ ರಾಗಿ ತೆನೆಯನ್ನೋ ರಸ್ತೆಗೆ ಹರಡಿರುತ್ತಾರೆ, ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡಲಿ ಎಂದು. ನಡೆಯುವವರು ಪಕ್ಕಕ್ಕೆ ಸರಿದು ಹೋಗಿ. ಹೊಲದೊಳಗೆ ಅಡ್ಡದಾರಿ ಹಿಡಿಯಬೇಡಿ, ಬದುವಿನ ಮೇಲೆ ನಡೆಯುವುದಾದರೂ ಹೊಲದವರು ಕಂಡರೆ ಒಂದು ಮಾತು ಕೇಳಿ. ಕೇಳಿದರೆ ಬೇಡ ಎನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ಸೊಗಡವರೆ ಕಾಲದಲ್ಲಿ ಒಂದು ಹಿಡಿ ಕಾಯಿ ಕಿತ್ತು ಕೈಗೆ ಕೊಟ್ಟವರಿದ್ದಾರೆ.

ಜಿನನಾಥಪುರವನ್ನು ಕಟ್ಟಿಸಿದವನೂ ಅದೇ ಗಂಗರಾಜ. ಆದರೆ ನಾವು ಬಂದಿರುವುದು ಶಾಂತಿನಾಥ ಬಸದಿಗೆ. ಸುಮಾರು 1200ರಲ್ಲಿ ರೇಚಿಮಯ್ಯ ಎಂಬ ದಂಡನಾಯಕ ಕಟ್ಟಿಸಿದ ಹೊಯ್ಸಳ ಕಟ್ಟಡ. ಮನೆಗಳ ನಡುವೆ ತಣ್ಣಗೆ ನಿಂತಿದೆ. ಬೆಳಗ್ಗೆಯಿಂದ ನೋಡಿದ್ದೆಲ್ಲ ಗಟ್ಟಿ ಗ್ರಾನೈಟ್ ಕಲ್ಲು, ಅಲಂಕಾರ ಕಡಿಮೆ. ಇಲ್ಲಿ ಬಳಪದ ಕಲ್ಲು. ಹೊರಗೋಡೆಯ ಮೇಲೆ ಸಾಲಾಗಿ ಜಿನರು, ಯಕ್ಷ ಯಕ್ಷಿಯರು, ಸರಸ್ವತಿ, ಕುಣಿಯುವವರು, ಮದ್ದಳೆ ಬಾರಿಸುವವರು. ಬೆಳಗೊಳದ ಸುತ್ತಿನಲ್ಲಿ ಹೊರಗೋಡೆಯ ತುಂಬ ಹೀಗೆ ಶಿಲ್ಪವಿರುವ ಬಸದಿ ಇನ್ನೊಂದಿಲ್ಲ. ಒಂದು ಸುತ್ತು ಹತ್ತಿರದಿಂದ, ಇನ್ನೊಂದು ಸುತ್ತು ಹತ್ತು ಹೆಜ್ಜೆ ಹಿಂದೆ ಸರಿದು ಬನ್ನಿ. ಕೆಲವು ಶಿಲ್ಪಗಳು ಅರ್ಧಕ್ಕೇ ನಿಂತಿವೆ, ಉಳಿಯ ಗುರುತು ಹಾಗೇ ಇದೆ. ಒಳಗಿನ ಕಡೆದ ಕಂಬಗಳನ್ನು ನೋಡದೆ ಬರಬೇಡಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಕಾಯುವವರು ಎಲ್ಲಿದ್ದಾರೆಂದು ಹೇಳುತ್ತಾರೆ. ಇಲ್ಲಿ ಇನ್ನೊಂದು ಹಳೆಯದು ಅರೆಗಲ್ಲು ಬಸದಿ. ಸಮಯವಿದ್ದರೆ ಅದೂ ಆಗಲಿ.

ಹತ್ತೂವರೆ ಹನ್ನೊಂದರ ಹೊತ್ತಿಗೆ ಬೆಳಗೊಳದ ಕಡೆ ಹೊರಡಿ. ಮರಳುವಾಗ ಬಿಸಿಲು ಏರಿರುತ್ತದೆ, ಟವೆಲ್ಲು ತಲೆಗೆ ಬರಲಿ.

ನಾಲ್ಕನೆಯದು: ಊರೊಳಗೆ, ಊಟ, ವಿಶ್ರಾಂತಿ

ಊರಿಗೆ ಬಂದ ಮೇಲೆ ಅಕ್ಕನ ಬಸದಿ. 1181ರಲ್ಲಿ ಕಟ್ಟಿಸಿದವಳು ಆಚಿಯಕ್ಕ. ಅವಳ ಗಂಡ ಚಂದ್ರಮೌಳಿ ಇಮ್ಮಡಿ ವೀರಬಲ್ಲಾಳನ ಮಂತ್ರಿ, ಶಿವಭಕ್ತ. ಹೆಂಡತಿ ಜಿನನಿಗೆ ಗುಡಿ ಕಟ್ಟಿಸಿದಳು. ಒಳಗಿನ ಕಂಬಗಳು ಕನ್ನಡಿಯ ಹಾಗೆ ನಯ.

ಭಂಡಾರ ಬಸದಿ ಇನ್ನೂ ದೊಡ್ಡದು. ಒಂದನೇ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದರಿಂದ ಆ ಹೆಸರು. ಒಳಗೆ ಇಪ್ಪತ್ನಾಲ್ಕು ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಇಲ್ಲಿ ಹುಡುಕಬೇಕಾದ ಕಲ್ಲೊಂದಿದೆ, 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಕ್ಕೂ ಭೇದವಿಲ್ಲವೆಂದು ಒಪ್ಪಂದ ಮಾಡಿಸಿದ. ನ್ಯಾಯ ತೀರ್ಮಾನವನ್ನು ಕಲ್ಲಿಗೆ ಹಾಕಿ ಗುಡಿಯಲ್ಲೇ ನಿಲ್ಲಿಸಿದ್ದಾರೆ. ಮಕ್ಕಳು ಜೊತೆಗಿದ್ದರೆ ಇದನ್ನು ತೋರಿಸದೆ ಮುಂದೆ ಹೋಗಬೇಡಿ.

ಊಟಕ್ಕೆ ಯಾತ್ರಿಕರ ಭೋಜನಶಾಲೆ ಇದೆ, ಹೋಟೆಲುಗಳೂ ಇವೆ. ಜೈನರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರುವುದಿಲ್ಲ. ಅವರ ಸಂಜೆಯ ಊಟ ಸೂರ್ಯ ಮುಳುಗುವ ಮುಂಚೆಯೇ ಮುಗಿಯುತ್ತದೆ. ಬೆಟ್ಟ ಇಳಿದು ಬಂದು ಅಲ್ಲಿ ಉಣ್ಣುತ್ತೇವೆಂದು ನೆಚ್ಚಿಕೊಂಡಿರಬೇಡಿ. ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುವುದೂ ಬೇಡ, ಮುಂದೆ ಹತ್ತುವುದಿದೆ. ಒಂದು ಗಂಟೆ ನೆರಳಿನಲ್ಲಿ ಒರಗಿಕೊಳ್ಳಿ.

ಒಂದು ನಡವಳಿಕೆಯ ಮಾತು. ಊರಿನಲ್ಲಿ, ಬೆಟ್ಟದಲ್ಲಿ ದಿಗಂಬರ ಮುನಿಗಳು, ಮಾತಾಜಿಯವರು ಎದುರಾಗಬಹುದು. ದಾರಿ ಬಿಟ್ಟು ನಿಂತು ಕೈಮುಗಿಯಿರಿ. ಮೊಬೈಲು ಎತ್ತಿ ಚಿತ್ರ ತೆಗೆಯಬೇಡಿ.

ಐದನೆಯದು: ದೊಡ್ಡಬೆಟ್ಟ

ಚಳಿಗಾಲದಲ್ಲಿ ಮೂರೂವರೆಗೆ ಮೆಟ್ಟಿಲ ಬುಡದಲ್ಲಿರಿ. ಸಮುದ್ರಮಟ್ಟದಿಂದ 3,347 ಅಡಿ, ಬಯಲಿನಿಂದ 470 ಅಡಿ ಎತ್ತರ. ಬಂಡೆಯಲ್ಲೇ ಕಡಿದ ಮೆಟ್ಟಿಲು ಸುಮಾರು ಆರುನೂರೈವತ್ತು. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಮಾತಾಡಿಕೊಳ್ಳಿ.

ಹತ್ತುವ ಕ್ರಮ ಇಷ್ಟೇ. ಮೊದಲ ನೂರು ಮೆಟ್ಟಿಲು ಬೇಕೆಂದೇ ನಿಧಾನ. ಅಲ್ಲಿ ಓಡಿದವರೇ ಮುನ್ನೂರರಲ್ಲಿ ಕೂರುವುದು. ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡಿ. ಬೆಳಗ್ಗೆ ನಡೆದ ದಾರಿಯೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಕಲ್ಯಾಣಿಯ ಚೌಕ, ಆಮೇಲೆ ಭಂಡಾರ ಬಸದಿಯ ಮಾಡು, ಚಿಕ್ಕಬೆಟ್ಟದ ಬಂಡೆ, ಪ್ರಾಕಾರ, ಕೊನೆಗೆ ಅದರ ಬೆನ್ನಿಗೆ ಜಿನನಾಥಪುರದ ತೆಂಗು. ಕಾಲಲ್ಲಿ ಅಳೆದ ನೆಲವನ್ನು ಮೇಲಿನಿಂದ ನೋಡುವುದಕ್ಕೇ ನಾನು ಈ ಬೆಟ್ಟವನ್ನು ಕೊನೆಗೆ ಇಡುವುದು.

ಮೇಲಿನ ದಾರಿಯಲ್ಲಿ ಮೂರು ಗರ್ಭಗುಡಿಯ ಒದೆಗಲ್ಲು ಬಸದಿ ಸಿಗುತ್ತದೆ. ಗೋಡೆ ವಾಲದಿರಲೆಂದು ಕೊಟ್ಟ ಊರೆಗಲ್ಲುಗಳಿಂದ ಆ ಹೆಸರು. ಚಾವುಂಡರಾಯನ ಹೆಸರಿನೊಡನೆ ಸೇರಿಕೊಂಡ ತ್ಯಾಗದ ಬ್ರಹ್ಮದೇವರ ಕಂಬದ ಬಳ್ಳಿಯ ಕೆತ್ತನೆ ನೋಡಿ. ಅಖಂಡ ಬಾಗಿಲು ಒಂದೇ ಬಂಡೆಯಲ್ಲಿ ಕಡಿದದ್ದು, ಮೇಲೆ ಆನೆಗಳು ನೀರೆರೆಯುವ ಗಜಲಕ್ಷ್ಮಿ. ಗೊಮ್ಮಟನ ಎದುರಿಗೆ ಹೊರಗೆ ಗುಳ್ಳೆಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗದೆ, ಈ ಮುದುಕಿ ಗುಳ್ಳೆಕಾಯಿಯ ಓಡಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತೆಂಬ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಳಗೆ ಹೋಗುವ ಮುನ್ನ ಅವಳ ಮುಂದೆ ಒಂದು ಗಳಿಗೆ ನಿಲ್ಲಿ.

ಒಳಗೆ, 58 ಅಡಿ. 981ರ ಸುಮಾರಿಗೆ ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯ ಬೆಟ್ಟದ ನೆತ್ತಿಯ ಬಂಡೆಯಲ್ಲೇ ಕಡೆಸಿದ ಮೂರ್ತಿ. ಮುಖ ಉತ್ತರಕ್ಕೆ, ನೀವು ಬೆಳಗ್ಗೆ ಕೂತಿದ್ದ ಚಿಕ್ಕಬೆಟ್ಟದ ಕಡೆಗೇ. ಮೊದಲು ಮುಖ ನೋಡಬೇಡಿ, ಪಾದದಿಂದ ಶುರುಮಾಡಿ. ಹುತ್ತ, ಹುತ್ತದಿಂದ ಇಣುಕುವ ಹಾವು, ತೊಡೆ ತೋಳುಗಳಿಗೆ ಹಬ್ಬಿದ ಮಾಧವಿ ಬಳ್ಳಿ. ಪಾದದ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು: 'ಶ್ರೀ ಚಾಮುಣ್ಡರಾಜಂ ಮಾಡಿಸಿದಂ'. ತಮಿಳಿನಲ್ಲೂ ನಾಗರಿ ಅಕ್ಷರದಲ್ಲೂ ಅದೇ ಮಾತಿದೆ. ಸುತ್ತಾಲಯವನ್ನು ಮಾಡಿಸಿದವನು ಗಂಗರಾಜ ಎಂದೂ ಬರೆದಿದೆ. ಬೆಳಗ್ಗೆ ನಾವು ನೋಡಿದ ಕತ್ತಲೆ ಬಸದಿಯನ್ನು ತಾಯಿಗೆ ಕಟ್ಟಿಸಿದವನು, ಜಿನನಾಥಪುರ ಎಬ್ಬಿಸಿದವನು ಇಲ್ಲೂ ಇದ್ದಾನೆ. ಬಾಗಿಲ ಬಳಿ ಬೊಪ್ಪಣ ಪಂಡಿತನ 1180ರ ಸುಮಾರಿನ ಶಾಸನವಿದೆ. ತುಂಬ ಎತ್ತರವಾದರೆ ಚೆಲುವು ಬರುವುದಿಲ್ಲ, ಎತ್ತರವೂ ಚೆಲುವೂ ಕೂಡಿದರೆ ಅತಿಶಯ ಬರುವುದಿಲ್ಲ, ಇಲ್ಲಿ ಮೂರೂ ಕೂಡಿವೆ ಎಂದು ಆ ಕವಿ ಹಾಡಿದ್ದಾನೆ. ಈಗ ಮುಖ ನೋಡಿ.

ಬೆಳಕಿರುವಾಗಲೇ ಇಳಿಯಲು ಶುರುಮಾಡಿ. ಇಳಿಯುವುದೇ ಮಂಡಿಗೆ ಕಷ್ಟ. ಹೆಜ್ಜೆಯನ್ನು ಸ್ವಲ್ಪ ಓರೆಯಾಗಿ ಇಡಿ, ಕಂಬಿ ಹಿಡಿದುಕೊಳ್ಳಿ, ಸವೆದು ಹೊಳೆಯುವ ನಡುಭಾಗ ಬಿಟ್ಟು ಅಂಚಿನ ಒರಟು ಕಲ್ಲಿನ ಮೇಲೆ ಕಾಲಿಡಿ. ಮೀನಖಂಡ ನಡುಗಿದರೆ ನಾಚದೆ ಕೂತು ಕಾಲು ನೀವಿಕೊಳ್ಳಿ. ಕೆಳಗೆ ಬಂದು ಚಪ್ಪಲಿ ಮೆಟ್ಟಿ ಕಲ್ಯಾಣಿಯ ಬಳಿ ಒಂದು ಕಾಫಿ ಕುಡಿಯುವಷ್ಟು ಹೊತ್ತಿದೆ. ಚನ್ನರಾಯಪಟ್ಟಣಕ್ಕೆ ಕಡೆಯ ಬಸ್ಸು ಎಷ್ಟಕ್ಕೆಂದು ಬೆಳಗ್ಗೆ ಇಳಿದಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಂಡಿದ್ದರೆ ಗಡಿಬಿಡಿಯಿಲ್ಲ.